ಶಾಲೆಯ ಶುಲ್ಕವೂ ಗೃಹಸ್ಥನ ವಿವೇಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಈಗಿನ ಗೃಹಸ್ಥನು ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬೇಕಾಗಿದೆ: ಮಕ್ಕಳನ್ನು ಶಾಲೆಗೆ ಸೇರಿಸಿ ನೋಡು. ಮೊದಲಿನ ಎರಡು ವೆಚ್ಚಗಳು ಒಮ್ಮೆ ಬಂದು ಹೋಗತಕ್ಕವು. ಮೂರನೆಯದಾದರೋ ವರ್ಷ ವರ್ಷವೂ ಬರತಕ್ಕದ್ದು, ಬಂದಾಗಲೆಲ್ಲ ಹಿಂದಿನದಕ್ಕಿಂತ ಒಂದಿಷ್ಟು ಬೆಳೆದೇ ಬರತಕ್ಕದ್ದು. ಹೀಗಿದ್ದರೂ, ಮನೆ ಕಟ್ಟುವವನು ಮೇಸ್ತ್ರಿಯ ಯೋಗ್ಯತೆಯನ್ನು ಹತ್ತು ಮಂದಿಯಲ್ಲಿ ವಿಚಾರಿಸುತ್ತಾನೆ. ಮದುವೆ ಮಾಡುವವನು ಸಂಬಂಧದ ಮೂಲವನ್ನು ಮೂರು ತಲೆಮಾರು ಕೆದಕುತ್ತಾನೆ. ಶಾಲೆಯನ್ನು ಆರಿಸುವಾಗ ಮಾತ್ರ ನೆರೆಮನೆಯ ಬಾಗಿಲಿಗೆ ಬರುವ ಹಳದಿ ಬಸ್ಸನ್ನು ಕಂಡು, ಅದೇ ಬಸ್ಸು ತನ್ನ ಬಾಗಿಲಿಗೂ ಬಂದರೆ ಸಾಕೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಮುಂದಿನ ಕುರಿ ಹೋದ ಹಾದಿಯಲ್ಲಿಯೇ ಹಿಂದಿನ ಕುರಿಗಳೆಲ್ಲ ಹೋಗುವುದಕ್ಕೆ ಶಾಸ್ತ್ರಕಾರರು ಗಡ್ಡರಿಕಾಪ್ರವಾಹ ನ್ಯಾಯವೆಂದು ಹೆಸರಿಟ್ಟಿದ್ದಾರೆ. ವಿದ್ಯೆಯಂತಹ ವಿಷಯದಲ್ಲಿ ಈ ನ್ಯಾಯವು ನಡೆಯುತ್ತಿರುವುದು ಶೋಚನೀಯ.

ಈ ಮಾತನ್ನು ಎತ್ತುವುದಕ್ಕೆ ಕಾರಣವುಂಟು. ತಾಲ್ಲೂಕಿನ ಪಟ್ಟಣವೊಂದರಿಂದ ವಾಚಕ ಮಹಾಶಯರೊಬ್ಬರು ನಮಗೆ ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅವರು ಗುಮಾಸ್ತೆಯ ಕೆಲಸದಲ್ಲಿರತಕ್ಕವರು. ತಿಂಗಳಿಗೆ ಕೈಗೆ ಬರುವ ಸಂಬಳ ೩೫,೦೦೦ ರೂಪಾಯಿ. ಮಗಳು ಮನೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಮಗನಿಗೆ ಆರು ತುಂಬಿ ಒಂದನೆಯ ತರಗತಿಗೆ ಸೇರುವ ಕಾಲ ಬಂದಿದೆ. ಅವನನ್ನು ಊರಾಚೆಯ ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಬಂಧುಗಳ ಒತ್ತಾಯ. ಅಲ್ಲಿಯ ಶುಲ್ಕ ವರ್ಷಕ್ಕೆ ೫೦,೦೦೦, ಬಸ್ಸಿಗೆ ೧೫,೦೦೦, ಪುಸ್ತಕ, ಸಮವಸ್ತ್ರ, ಬೂಟು ಮೊದಲಾದುವಕ್ಕೆ ೧೦,೦೦೦. ಮೊದಲ ಕಂತಿಗೆ ಹಣ ಸಾಲದೆ ಹೆಂಡತಿಯ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಡುವ ಯೋಚನೆಯಿದೆಯಂತೆ. "ಇಷ್ಟು ಹಣಕ್ಕೆ ತಕ್ಕಷ್ಟು ವಿದ್ಯೆ ದೊರೆಯುವುದೇ? ದೊರೆಯದಿದ್ದರೆ ಹಣ ಹೋಗುವುದು. ಸೇರಿಸದಿದ್ದರೆ ಮುಂದೆ ಮಗನು ನಮ್ಮನ್ನು ದೂರುವನು. ಏನು ಮಾಡತಕ್ಕದ್ದು?" ಎಂದು ಅವರ ಪ್ರಶ್ನೆ. ಇದು ಅವರೊಬ್ಬರ ಪ್ರಶ್ನೆಯಲ್ಲವಾದುದರಿಂದ ಇಲ್ಲಿಯೇ ಉತ್ತರವನ್ನು ಬರೆಯುತ್ತಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ವಿದ್ಯೆಯ ವಿಷಯದಲ್ಲಿ ಲೆಕ್ಕ ಹಾಕುವುದು ಸಣ್ಣತನವೆಂದು ತಿಳಿಯಬಾರದು. ಆಯವನ್ನು ಅರಿಯದೆ ವ್ಯಯ ಮಾಡುವವನ ಮನೆಯಲ್ಲಿ ವಿದ್ಯೆಯೂ ನೆಮ್ಮದಿಯಾಗಿ ನಿಲ್ಲದು. ನಮ್ಮ ಮಿತ್ರರ ವರ್ಷದ ವರಮಾನ ೪,೨೦,೦೦೦. ಹುಡುಗನ ಶಾಲೆಯ ಒಟ್ಟು ವೆಚ್ಚ ೭೫,೦೦೦. ಎಂದರೆ ವರಮಾನದ ಆರನೆಯ ಒಂದು ಪಾಲಿಗಿಂತ ಹೆಚ್ಚು. ಮಗಳನ್ನೂ ಅಲ್ಲಿಗೇ ಕಳುಹಿಸಿದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಇದು ಮೊದಲ ವರ್ಷದ ಮಾತು. ಶುಲ್ಕವು ವರ್ಷಕ್ಕೆ ಶೇಕಡಾ ೧೦ರಂತೆ ಏರುತ್ತ ಹೋದರೆ, ಒಂದನೆಯ ತರಗತಿಯಲ್ಲಿ ೫೦,೦೦೦ ಇದ್ದುದು ಹತ್ತನೆಯ ತರಗತಿಯಲ್ಲಿ ಸುಮಾರು ೧,೧೮,೦೦೦ ಆಗುವುದು. ಹತ್ತು ವರ್ಷದಲ್ಲಿ ಶುಲ್ಕವೊಂದಕ್ಕೇ ಹೋಗುವ ಹಣ ಸುಮಾರು ೭,೯೭,೦೦೦. ಬಸ್ಸು, ಪುಸ್ತಕ, ಪ್ರವಾಸ, ವಾರ್ಷಿಕೋತ್ಸವದ ಉಡುಪು ಇವು ಯಾವುವೂ ಇದರಲ್ಲಿ ಸೇರಿಲ್ಲ. ಗುಮಾಸ್ತೆಯ ಸಂಬಳವೂ ಇದೇ ವೇಗದಲ್ಲಿ ಏರುವುದೆಂದು ಯಾರೂ ಭರವಸೆ ಕೊಡಲಾರರು. ಮೊದಲ ವರ್ಷದ ಶುಲ್ಕವನ್ನು ಹೇಗೋ ಹೊಂದಿಸಿ ಮಗುವನ್ನು ಸೇರಿಸಿ, ಐದನೆಯ ವರ್ಷದಲ್ಲಿ ತಾಳಲಾರದೆ ಬಿಡಿಸುವ ತಂದೆತಾಯಿಗಳುಂಟು. ಗೆಳೆಯರಿಂದಲೂ ಪರಿಚಿತ ಪಾಠಕ್ರಮದಿಂದಲೂ ಹಾಗೆ ನಡುವೆ ಕಿತ್ತುಬಂದ ಮಗುವಿಗೆ, ಮೊದಲಿನಿಂದಲೂ ಒಂದೇ ಸಾಧಾರಣ ಶಾಲೆಯಲ್ಲಿದ್ದ ಮಗುವಿಗಿಂತ ಹೆಚ್ಚಿನ ನಷ್ಟವಾಗುತ್ತದೆ. ಆದಕಾರಣ, ಕಟ್ಟಲು ಶಕ್ತಿಯುಂಟೇ ಎಂದು ಕೇಳಿಕೊಳ್ಳುವಾಗ ಒಂದನೆಯ ತರಗತಿಯ ಶುಲ್ಕವನ್ನು ನೋಡತಕ್ಕದ್ದಲ್ಲ, ಹತ್ತನೆಯ ತರಗತಿಯ ಶುಲ್ಕವನ್ನು ನೋಡತಕ್ಕದ್ದು.

ಇನ್ನು, ಕೊಟ್ಟ ಹಣಕ್ಕೆ ಏನು ದೊರೆಯುತ್ತದೆಂಬ ವಿಚಾರ. ಖಾಸಗಿ ಶಾಲೆಗಳು ತಮ್ಮ ಫಲಿತಾಂಶವನ್ನು ಬಾಗಿಲಿನ ಮೇಲೆ ಬರೆಸಿ ತೋರಿಸುತ್ತವೆ. ಅಲ್ಲಿಯ ಹುಡುಗರು ಹೆಚ್ಚು ಅಂಕಗಳನ್ನು ಪಡೆಯುತ್ತಾರೆಂಬುದೂ ಅನೇಕ ಕಡೆಗಳಲ್ಲಿ ದಿಟವೇ. ಆದರೆ ಆ ಅಂಕಗಳಿಗೆ ಶಾಲೆಯೇ ಕಾರಣವೋ, ಮನೆಯೇ ಕಾರಣವೋ? ಶುಲ್ಕ ತೆರಬಲ್ಲ ಮನೆಯಲ್ಲಿ ಓದಿದ ತಾಯಿಯಿರುತ್ತಾಳೆ, ಓದಲು ಮೇಜು ದೀಪಗಳಿರುತ್ತವೆ, ಹೊತ್ತಿಗೆ ಸರಿಯಾಗಿ ಊಟವಿರುತ್ತದೆ, ಮಕ್ಕಳನ್ನು ಕೂಲಿಗೋ ದನ ಕಾಯುವುದಕ್ಕೋ ಅಟ್ಟುವ ಅವಶ್ಯವಿರುವುದಿಲ್ಲ. ತರ್ಕಶಾಸ್ತ್ರದಲ್ಲಿ ಒಂದು ವಸ್ತುವು ಇನ್ನೊಂದಕ್ಕೆ ಕಾರಣವೆಂದು ಹೇಳಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಬೇಕು: ಅದು ಇದ್ದರೆ ಇದು ಇರಬೇಕು, ಅದು ಇಲ್ಲದಿದ್ದರೆ ಇದೂ ಇರಬಾರದು. ಅದೇ ಮನೆಯ, ಅದೇ ಬಗೆಯ ಮಗು ಇನ್ನೊಂದು ಶಾಲೆಗೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಅರಿಯದೆ ಶಾಲೆಗೆ ಕೀರ್ತಿಯನ್ನಾಗಲಿ ಅಪಕೀರ್ತಿಯನ್ನಾಗಲಿ ಕಟ್ಟುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಇಂತಹ ಪರೀಕ್ಷೆಯೊಂದು ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿಯೇ ನಡೆದಿದೆ. ೨೦೦೮ರಲ್ಲಿ, ತೆಲಂಗಾಣವು ಇನ್ನೂ ಬೇರೆಯಾಗದಿದ್ದಾಗ, ಆ ರಾಜ್ಯದ ೧೮೦ ಹಳ್ಳಿಗಳಲ್ಲಿ ಅದು ಮೊದಲಾಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗಬಯಸುವವರಿಂದ ಅರ್ಜಿ ಪಡೆದು, ಚೀಟಿ ಎತ್ತಿ, ಹೆಸರು ಬಂದವರ ಶುಲ್ಕವನ್ನು ಕಟ್ಟಿ ಆ ಶಾಲೆಗಳಿಗೆ ಕಳುಹಿಸಿದರು. ಹೆಸರು ಬಾರದವರು ತಮ್ಮ ಶಾಲೆಯಲ್ಲಿಯೇ ಉಳಿದರು. ಇಬ್ಬರ ಮನೆಯ ಸ್ಥಿತಿಯೂ ಒಂದೇ ಬಗೆಯದು. ಭೇದವೆಂದರೆ ಚೀಟಿ ಮಾತ್ರ. ಎರಡು ವರ್ಷಗಳ ತರುವಾಯ ಒಮ್ಮೆ, ನಾಲ್ಕು ವರ್ಷಗಳ ತರುವಾಯ ಇನ್ನೊಮ್ಮೆ ಮಕ್ಕಳನ್ನು ಪರೀಕ್ಷಿಸಿದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ವಿದ್ವಾಂಸರು ೨೦೧೫ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ತೆಲುಗಿನಲ್ಲಿ, ಗಣಿತದಲ್ಲಿ, ಇಂಗ್ಲಿಷಿನಲ್ಲಿ, ವಿಜ್ಞಾನ ಸಮಾಜಪಾಠಗಳಲ್ಲಿ ಇಬ್ಬರಿಗೂ ಹೇಳತಕ್ಕ ಭೇದವೇ ಕಾಣಲಿಲ್ಲ. ಸರ್ಕಾರಿ ಶಾಲೆಯಲ್ಲಿ ಕಲಿಸದಿದ್ದ ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಬಹಳ ಮುಂದಿದ್ದರು.

ನ್ಯಾಯವಾಗಿ ನುಡಿಯಬೇಕಾದರೆ ಇದರ ಇನ್ನೊಂದು ಭಾಗವನ್ನೂ ಹೇಳತಕ್ಕದ್ದು. ಆ ಖಾಸಗಿ ಶಾಲೆಗಳು ತೆಲುಗು ಗಣಿತಗಳಿಗೆ ಕಡಿಮೆ ಹೊತ್ತನ್ನು ಕೊಟ್ಟೂ ಅಷ್ಟನ್ನು ಕಲಿಸಿದ್ದುವು. ಮಗುವೊಂದಕ್ಕೆ ಅವು ಮಾಡುತ್ತಿದ್ದ ವೆಚ್ಚವು ಸರ್ಕಾರದ ವೆಚ್ಚದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಎಂದ ಮೇಲೆ ಖಾಸಗಿ ಶಾಲೆಯವರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಅದೂ ಹಳ್ಳಿಯ ಸಣ್ಣ ಶಾಲೆಗಳ ಮಾತು. ಬೆಂಗಳೂರಿನ ಲಕ್ಷಗಟ್ಟಲೆ ಶುಲ್ಕದ ಶಾಲೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಸಾಧಾರಣ ಗೃಹಸ್ಥನು ಸಾಲ ಮಾಡಿ ಸೇರಿಸುವುದು ಬೆಂಗಳೂರಿನ ಆ ಶಾಲೆಗಳಿಗಲ್ಲ, ಊರಾಚೆಯ ಇಂತಹ ಶಾಲೆಗಳಿಗೇ. ಆದುದರಿಂದ ಅವನು ನೆನಪಿಡತಕ್ಕ ತತ್ತ್ವವೊಂದು: ಶುಲ್ಕಕ್ಕೆ ಪ್ರತಿಯಾಗಿ ನಮಗೆ ದೊರೆಯುವುದು ಶಾಲೆಯು ಹೆಚ್ಚಾಗಿ ಕಲಿಸಿದಷ್ಟು ಮಾತ್ರ, ಮನೆಯು ಕೊಟ್ಟುದನ್ನು ಶಾಲೆಯಿಂದ ಮತ್ತೆ ಹಣ ಕೊಟ್ಟು ಕೊಳ್ಳಬೇಕಾದುದಿಲ್ಲ.

"ಅದೆಲ್ಲ ಸರಿ, ಇಂಗ್ಲಿಷಿನ ಗತಿಯೇನು?" ಎಂದು ಕೇಳುವವರಿದ್ದಾರೆ. ಅವರ ಭಯವು ಅಕಾರಣವಲ್ಲ. ವೈದ್ಯ, ಶಿಲ್ಪ, ನ್ಯಾಯ ಮೊದಲಾದ ವಿದ್ಯೆಗಳ ಬಾಗಿಲಲ್ಲಿ ಇಂಗ್ಲಿಷ್ ನಿಂತಿದೆ. ಅದನ್ನು ಅರಿಯದ ಹುಡುಗನು ಹೊಸ್ತಿಲಲ್ಲಿಯೇ ತಡೆಯಬೇಕಾಗುತ್ತದೆ. ಕಿರಿಯ ತರಗತಿಗಳಲ್ಲಿ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯವು ತಂದೆತಾಯಿಗಳದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸ್ವಾತಂತ್ರ್ಯವು ಯಾರದೋ ವಿವೇಚನೆಯ ಹೊಣೆಯೂ ಅವರದೇ. ಇಂಗ್ಲಿಷನ್ನು ಕಲಿಯುವುದು ಒಂದು, ಇಂಗ್ಲಿಷಿನಲ್ಲಿ ಕಲಿಯುವುದು ಇನ್ನೊಂದು. ಮನೆಯಲ್ಲಿ ಕೇಳದ ಭಾಷೆಯಲ್ಲಿ, ಆ ಭಾಷೆಯನ್ನು ತಾವೇ ತಡವರಿಸಿ ಆಡುವ ಉಪಾಧ್ಯಾಯರಿಂದ ಪಾಠ ಕೇಳುವ ಮಗುವು, ಹಲಗೆಯ ಮೇಲಿನ ಉತ್ತರವನ್ನು ಮುದ್ದಾಗಿ ನಕಲು ಮಾಡುತ್ತದೆ. ಅರ್ಥ ಕೇಳಿದರೆ ಮೌನ. ಶ್ರವಣವಿದ್ದು ಮನನವಿಲ್ಲದ ಈ ವಿದ್ಯೆಯನ್ನು ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಕರಿಹಲಗೆಯ ಮುಂದೆ ನಿಂತು ಕಂಡಿದ್ದೇವೆ. ಸಂಸ್ಕೃತವನ್ನು ಕಲಿಸುವಾಗ ನಮಗೆ ದೊರೆತ ಅನುಭವವೂ ಇದೇ. ಕನ್ನಡದಲ್ಲಿ ಕರ್ತೃ ಕರ್ಮ ಕ್ರಿಯೆಗಳನ್ನು ಚೆನ್ನಾಗಿ ಅರಿತ ಹುಡುಗನು ಸಂಸ್ಕೃತದ ವಾಕ್ಯವನ್ನು ಒಂದು ತಿಂಗಳಲ್ಲಿ ಹಿಡಿಯುತ್ತಿದ್ದನು. ಅರಿಯದವನು ಎರಡು ವರ್ಷವಾದರೂ ಬಾಯಿಪಾಠದಲ್ಲಿಯೇ ಇರುತ್ತಿದ್ದನು. ಒಂದು ಭಾಷೆಯಲ್ಲಿ ಬೇರೂರಿದ ಬುದ್ಧಿಯು ಇನ್ನೊಂದು ಭಾಷೆಗೆ ಕೊಂಬೆಯನ್ನು ಚಾಚಬಲ್ಲುದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಿರುವ ಕಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಪಾಠವಾಗಬೇಕೆಂದು ಹೇಳಿದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ೨೦೦೭-೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ೨೦೧೯ರಲ್ಲಿ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ತೆರೆದುವು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಗಳಲ್ಲಿ ಶೇಕಡಾ ೫ರಷ್ಟು ಸ್ಥಾನಗಳು ಮೀಸಲಾಗಿವೆಯೆಂಬುದನ್ನೂ ಅನೇಕ ಗೃಹಸ್ಥರು ಅರಿಯರು.

ಹಾಗೆಂದು ಸರ್ಕಾರಿ ಶಾಲೆಗಳೆಲ್ಲ ಚೆನ್ನಾಗಿವೆಯೆಂದು ನಾವು ಹೇಳಹೊರಟಿಲ್ಲ. ಐದು ತರಗತಿಗಳಿಗೆ ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಶಾಲೆಗಳುಂಟು. ಅವರನ್ನೂ ಗಣತಿ, ಚುನಾವಣೆ ಮೊದಲಾದ ಕೆಲಸಗಳಿಗೆ ಎಳೆಯುವುದುಂಟು. ಖಾಲಿಯಾದ ಸ್ಥಾನದಲ್ಲಿ ಅತಿಥಿ ಶಿಕ್ಷಕರು ಬರುವವರೆಗೆ ಮಕ್ಕಳು ಸುಮ್ಮನೆ ಕುಳಿತಿರುವುದುಂಟು. ಅಂತಹ ಕಡೆಯಲ್ಲಿ ಶುಲ್ಕ ಕೊಟ್ಟು ಬೇರೆ ಶಾಲೆಯನ್ನು ಹುಡುಕುವ ತಂದೆಯನ್ನು ಯಾರು ತಾನೇ ದೂಷಿಸಬಲ್ಲರು? ಆದರೆ ನೋಡದೆಯೇ ದೂಷಿಸುವವರೂ ಬಹಳ. ಒಂದು ಉದಾಹರಣೆಯನ್ನು ಕೊಡೋಣ. ಸರ್ಕಾರಿ ಶಾಲೆಯ ಕಿರಿಯ ತರಗತಿಗಳಲ್ಲಿ ನಲಿಕಲಿಯೆಂಬ ಪದ್ಧತಿಯಿದೆ. ಅದು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡಿಗೆಲ್ಲ ಹರಡಿದುದು. ಅಲ್ಲಿ ಮಕ್ಕಳು ಗುಂಪುಗೂಡಿ ನೆಲದ ಮೇಲೆ ಕುಳಿತು, ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಕಿಟಕಿಯಿಂದ ಇಣುಕಿದ ತಂದೆಯು "ಇಲ್ಲಿ ಪಾಠವೇ ಇಲ್ಲ, ಆಟವೇ ಎಲ್ಲ" ಎಂದು ತಿರುಗಿ ಹೋಗುತ್ತಾನೆ. ಸಾಲಾಗಿ ಬೆಂಚಿನ ಮೇಲೆ ಕುಳಿತು, ಕಂಠಕ್ಕೆ ಟೈ ಬಿಗಿದು, ಒಂದೇ ಸ್ವರದಲ್ಲಿ ಕಿರುಚುವುದನ್ನೇ ಅವನು ಪಾಠವೆಂದು ತಿಳಿದಿದ್ದಾನೆ.

ಇವೆರಡರ ನಡುವೆ ಇನ್ನೂ ಕೆಲವು ದಾರಿಗಳಿವೆ. ಸರ್ಕಾರವು ಉಪಾಧ್ಯಾಯರ ಸಂಬಳವನ್ನು ಕೊಡುವ, ಖಾಸಗಿ ಆಡಳಿತದ ಅನುದಾನಿತ ಶಾಲೆಗಳು ಹಳೆಯ ಪಟ್ಟಣಗಳಲ್ಲಿ ಅನೇಕವಿವೆ. ಅಲ್ಲಿ ಶುಲ್ಕವು ಅಲ್ಪ, ಉಪಾಧ್ಯಾಯರು ಅನುಭವಿಗಳು. ೨೦೧೮-೧೯ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ಹೆಸರಿನಲ್ಲಿ ಶಿಶುತರಗತಿಯಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಓದುವ ಸರ್ಕಾರಿ ಶಾಲೆಗಳು ಬಂದಿವೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ನವೋದಯ ವಿದ್ಯಾಲಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಐದನೆಯ ತರಗತಿಯವರೆಗೆ ಮಗುವಿನ ಓದು ಬರಹ ಲೆಕ್ಕಗಳನ್ನು ಭದ್ರಪಡಿಸಿ ಈ ಪರೀಕ್ಷೆಗಳಿಗೆ ಸಿದ್ಧಗೊಳಿಸುವುದು ಬಡ ಗೃಹಸ್ಥನಿಗೆ ಸಾಧ್ಯವಾದ ಹಾದಿ. ಖಾಸಗಿ ಶಾಲೆಯ ನೂರರಲ್ಲಿ ೨೫ ಸ್ಥಾನಗಳನ್ನು ಬಡಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ೨೦೦೯ರ ಶಿಕ್ಷಣ ಹಕ್ಕಿನ ಶಾಸನದಲ್ಲಿದ್ದರೂ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದ ಕಡೆ ಅದು ಬೇಡವೆಂದು ನಮ್ಮ ರಾಜ್ಯದಲ್ಲಿ ನಿಯಮವನ್ನು ತಿದ್ದಿದ ಮೇಲೆ, ೨೦೧೯ರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಹಾಗಾದರೆ ಶಾಲೆಯನ್ನು ಪರೀಕ್ಷಿಸುವುದು ಹೇಗೆ? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಇದು ಸ್ಥಾಲೀಪುಲಾಕ ನ್ಯಾಯ. ಮೂರನೆಯ ತರಗತಿಯ ಮಗುವೊಂದನ್ನು ಕರೆದು, ಅದು ಹಿಂದೆ ನೋಡದ ಒಂದು ಪುಟವನ್ನು ಓದಿಸಿ, ಓದಿದುದನ್ನು ತನ್ನ ಮಾತಿನಲ್ಲಿ ಹೇಳಿಸಿರಿ. ಅದರ ಬರವಣಿಗೆಯ ಪುಸ್ತಕವನ್ನು ತೆರೆಯಿರಿ: ಉಪಾಧ್ಯಾಯರು ತಪ್ಪನ್ನು ತಿದ್ದಿ ಸರಿಯಾದುದನ್ನು ಬರೆದಿದ್ದಾರೆಯೇ, ಅಥವಾ ಪುಟಕ್ಕೊಂದು ಗೀಟನ್ನು ಎಳೆದು ಬಿಟ್ಟಿದ್ದಾರೆಯೇ? ಎಲ್ಲ ಮಕ್ಕಳ ಪುಸ್ತಕದಲ್ಲಿಯೂ ಒಂದೇ ಉತ್ತರ ಅಕ್ಷರವೂ ವ್ಯತ್ಯಾಸವಿಲ್ಲದೆ ಇದ್ದರೆ ಅದು ನಕಲೆಂದು ತಿಳಿಯಿರಿ. ಕಳೆದ ವರ್ಷ ಇದ್ದ ಉಪಾಧ್ಯಾಯರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆಂದು ಕೇಳಿರಿ. ವರ್ಷ ವರ್ಷವೂ ಮುಖಗಳು ಬದಲಾಗುವ ಶಾಲೆಯಲ್ಲಿ ಕಟ್ಟಡ ಮಾತ್ರ ಸ್ಥಿರ. ತರಗತಿಯಲ್ಲಿ ಎಷ್ಟು ಮಕ್ಕಳೆಂದು ಎಣಿಸಿರಿ; ಐದನೆಯ ತರಗತಿಯವರೆಗೆ ೩೦ ಮಕ್ಕಳಿಗೆ, ಆರರಿಂದ ಎಂಟರವರೆಗೆ ೩೫ ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕೆಂದು ಶಾಸನದ ಪ್ರಮಾಣ. ಕುಡಿಯುವ ನೀರನ್ನೂ ಹೆಣ್ಣುಮಕ್ಕಳ ಶೌಚಾಲಯವನ್ನೂ ತಾಯಂದಿರು ತಾವೇ ಹೋಗಿ ನೋಡತಕ್ಕದ್ದು. ಬಸ್ಸಿನಲ್ಲಿ ಮಗುವು ದಿನಕ್ಕೆ ಎರಡು ಗಂಟೆ ಕುಳಿತರೆ ಅದರ ಆಟಕ್ಕೂ ನಿದ್ದೆಗೂ ಎಷ್ಟು ಉಳಿಯುವುದೆಂದು ಯೋಚಿಸತಕ್ಕದ್ದು. ಈ ಪರೀಕ್ಷೆಯನ್ನು ಸರ್ಕಾರಿ ಶಾಲೆಯಲ್ಲಿಯೂ ಖಾಸಗಿ ಶಾಲೆಯಲ್ಲಿಯೂ ಒಂದೇ ಕಣ್ಣಿನಿಂದ ಮಾಡಬೇಕು.

ಹಣದ ವಿಷಯದಲ್ಲಿಯೂ ಸಂಕೋಚ ಬೇಡ. ಯಾವ ಯಾವ ಬಾಬಿಗೆ ಎಷ್ಟೆಂದು ಬರಹದಲ್ಲಿ ಪಡೆಯಿರಿ. ರಸೀತಿಯಿಲ್ಲದೆ ಒಂದು ಕಾಸನ್ನೂ ಕೊಡಬೇಡಿರಿ. ಶಾಲೆಗೆ ಯಾವ ಪಠ್ಯಕ್ರಮಕ್ಕೆ, ಯಾವ ಮಾಧ್ಯಮಕ್ಕೆ, ಎಷ್ಟನೆಯ ತರಗತಿಯವರೆಗೆ ಅನುಮತಿಯಿದೆಯೆಂಬ ಪತ್ರವನ್ನು ಕೇಳಿ ನೋಡಿರಿ. ಹಲಗೆಯ ಮೇಲಿನ ಹೆಸರು ಬೇರೆ, ಅನುಮತಿಯ ಪತ್ರ ಬೇರೆ ಆಗಿರುವುದುಂಟು. ೨೦೦೯ರ ಶಾಸನದ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ವಂತಿಗೆ ಪಡೆದರೆ ಅದರ ಹತ್ತರಷ್ಟರವರೆಗೆ ದಂಡ. ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆ ಮಾಡಿ ಆರಿಸಿದರೆ ಮೊದಲ ಸಲ ೨೫,೦೦೦, ಅನಂತರ ಪ್ರತಿಸಲವೂ ೫೦,೦೦೦ ರೂಪಾಯಿಯವರೆಗೆ ದಂಡ. ಉಪಾಧ್ಯಾಯರು ಖಾಸಗಿಯಾಗಿ ಮನೆಪಾಠ ಹೇಳಕೂಡದೆಂದೂ ಅದೇ ಶಾಸನದಲ್ಲಿದೆ. ಇಲ್ಲಿ ಒಂದು ಮಾತು. ಅರ್ಧ ಲಕ್ಷ ಶುಲ್ಕ ಕಟ್ಟಿಯೂ ಸಂಜೆ ಮಗುವನ್ನು ಟ್ಯೂಷನ್ನಿಗೆ ಕಳುಹಿಸುವ ಮನೆಗಳು ಎಷ್ಟಿಲ್ಲ! ಹಗಲಿನ ಶುಲ್ಕವು ಪಾಠಕ್ಕಾಗಿಯಾದರೆ ಸಂಜೆಯ ಶುಲ್ಕವು ಯಾತಕ್ಕೆ? ಸಂಜೆಯದೇ ಪಾಠಕ್ಕಾಗಿಯಾದರೆ ಹಗಲಿನದು ಯಾತಕ್ಕೆ? ಗೃಹಸ್ಥನು ಈ ಎರಡು ಪ್ರಶ್ನೆಗಳನ್ನು ಶಾಲೆಯವರ ಮುಂದೆಯೇ ಇಡಬೇಕು.

ಈಗ ನಮ್ಮ ಮಿತ್ರರ ಕಾಗದಕ್ಕೆ ನೇರವಾದ ಉತ್ತರ. ಅವರ ಕಾಗದದಲ್ಲಿ ನಮ್ಮ ಮನಸ್ಸನ್ನು ನೋಯಿಸಿದುದು ಸಾಲದ ಮಾತಿಗಿಂತಲೂ ಹೆಚ್ಚಾಗಿ ಮಗಳ ಮಾತು. ಮಗನ ವಿಷಯಕ್ಕೆ ಮೂರು ಪುಟ ಬರೆದವರು ಮಗಳ ವಿಷಯಕ್ಕೆ ಒಂದು ಸಾಲು ಬರೆದಿದ್ದಾರೆ: "ಅವಳು ಹೇಗೋ ಅಲ್ಲಿ ಓದಿಕೊಂಡಿದ್ದಾಳೆ." ಮಹಾಶಯರೇ, ಸರ್ಕಾರಿ ಶಾಲೆ ಮಗಳಿಗೆ ಸಾಕಾದರೆ ಮಗನಿಗೂ ಸಾಕು, ಮಗನಿಗೆ ಸಾಲದಾದರೆ ಮಗಳಿಗೂ ಸಾಲದು. ಒಂದೇ ಮನೆಯ ಜಗಲಿಯಿಂದ ಒಬ್ಬನು ಬೂಟು ಹಾಕಿ ಬಸ್ಸು ಹತ್ತುವುದನ್ನೂ, ಇನ್ನೊಬ್ಬಳು ಅವನ ಚೀಲವನ್ನು ಬಸ್ಸಿಗೆ ಏರಿಸಿ ತಾನು ನಡೆದು ಹೋಗುವುದನ್ನೂ ಆ ಮಗು ಹತ್ತು ವರ್ಷ ದಿನವೂ ಕಾಣುವುದು. ತನ್ನ ಬೆಲೆ ಇಷ್ಟೆಂಬ ಪಾಠವನ್ನು ಅವಳು ಯಾವ ಶಾಲೆಯಲ್ಲಿಯೂ ಕಲಿಯಬೇಕಾದುದಿಲ್ಲ, ಮನೆಯಲ್ಲಿಯೇ ಕಲಿಯುವಳು. ಆ ಬಳೆಗಳೂ ಅವಳ ತಾಯಿಯವೇ ಎಂಬುದನ್ನು ಮರೆಯಬೇಡಿರಿ. ಆದುದರಿಂದ ಮೊದಲನೆಯ ನಿಯಮವೇನೆಂದರೆ: ಎಲ್ಲ ಮಕ್ಕಳಿಗೂ ಸಮನಾಗಿ ತೆರಲಾಗದ ಶುಲ್ಕವನ್ನು ಒಬ್ಬರಿಗೂ ತೆರಬಾರದು. ಎರಡನೆಯದು: ಶುಲ್ಕವು ತಿಂಗಳ ವರಮಾನದಿಂದ ಸಲ್ಲಬೇಕು, ಸಾಲದಿಂದ, ಅಡವಿನಿಂದ, ಕಾಯಿಲೆಗೆಂದು ಇಟ್ಟ ಹಣದಿಂದ ಸಲ್ಲಬಾರದು. ಮೂರನೆಯದು: ಹತ್ತಿರದ ಶಾಲೆಯನ್ನು ಕಣ್ಣಾರೆ ಪರೀಕ್ಷಿಸಿ, ಅಲ್ಲಿ ಆಗದೆ ಇಲ್ಲಿ ಆಗುವುದೇನೆಂಬುದನ್ನು ಬೆರಳು ತೋರಿಸಿ ಹೇಳಲಾಗುವವರೆಗೆ ಶುಲ್ಕವನ್ನು ಕಟ್ಟಬಾರದು. ಈ ಮೂರೂ ಒದಗಿದರೆ ಧಾರಾಳವಾಗಿ ಸೇರಿಸಿರಿ. ಆ ಹಣವು ಸಾರ್ಥಕ. ಕಿವಿ ಕೇಳದ, ಅಕ್ಷರ ಹಿಡಿಯಲು ತೊಡಕುಳ್ಳ ಮಗುವಿಗೆ ತಕ್ಕ ಶಿಕ್ಷಣ ಪಡೆದ ಉಪಾಧ್ಯಾಯರು ಶುಲ್ಕದ ಶಾಲೆಯಲ್ಲಿ ಮಾತ್ರ ದೊರೆಯುವುದಾದರೆ, ಇತರ ವೆಚ್ಚಗಳನ್ನು ಕಡಿದಾದರೂ ಕೊಡತಕ್ಕದ್ದು. ಮಕ್ಕಳಲ್ಲಿ ಸಮತೆಯೆಂದರೆ ಒಬ್ಬೊಬ್ಬರಿಗೂ ಅವಶ್ಯವಿದ್ದುದನ್ನು ಕೊಡುವುದೇ.

ನಮ್ಮ ಮಿತ್ರರಿಗೆ ಈ ಮೂರರಲ್ಲಿ ಮೊದಲಿನ ಎರಡೂ ಒದಗಿಲ್ಲ. ಆದಕಾರಣ ಬಳೆಗಳು ಆಕೆಯ ಕೈಯಲ್ಲಿಯೇ ಇರಲಿ; ಮಗನು ಅಕ್ಕನ ಕೈಹಿಡಿದು ಅವಳ ಶಾಲೆಗೆ ಹೋಗಲಿ. ಅಲ್ಲಿ ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತ. ೨೦೦೨ರಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟವುಂಟು, ೨೦೧೩ರಲ್ಲಿ ಮೊದಲಾದ ಕ್ಷೀರಭಾಗ್ಯದ ಹಾಲುಂಟು. ಉಳಿದ ೭೫,೦೦೦ದಲ್ಲಿ ಪೂರ್ತಿ ಕೂಡಿಡಲು ಅವರಿಂದಾಗದು, ಅದನ್ನು ನಾವು ಬಲ್ಲೆವು. ತಿಂಗಳಿಗೆ ೨,೫೦೦ರಂತೆ, ಎಂದರೆ ವರ್ಷಕ್ಕೆ ೩೦,೦೦೦ವನ್ನು ವರ್ಷದ ಮೊದಲಿಗೆ ಠೇವಣಿಯಲ್ಲಿಡಲು ಸಾಧ್ಯವಾದರೆ, ಶೇಕಡಾ ೭ರ ಚಕ್ರಬಡ್ಡಿಯಂತೆ ಹತ್ತು ವರ್ಷಕ್ಕೆ ಸುಮಾರು ೪,೪೩,೦೦೦ ಆಗುವುದು. ಕಾಲೇಜಿನ ಬಾಗಿಲಲ್ಲಿ ಹಣ ಬೇಕಾದಾಗ ಮಗಳಿಗೂ ಮಗನಿಗೂ ಅದು ಒದಗುವುದು. ಇನ್ನು ವರ್ಷಕ್ಕೆ ಒಂದೈದು ಸಾವಿರವನ್ನು ಪುಸ್ತಕಗಳಿಗೆ ತೆಗೆದಿಡಿರಿ: ಒಂದು ಒಳ್ಳೆಯ ನಿಘಂಟು, ಕನ್ನಡದ ಕಥೆಗಳು, ಚಿತ್ರವುಳ್ಳ ಸುಲಭವಾದ ಇಂಗ್ಲಿಷ್ ಪುಸ್ತಕಗಳು. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಇಬ್ಬರನ್ನೂ ಸದಸ್ಯರನ್ನಾಗಿ ಮಾಡಿರಿ.

ಇವೆಲ್ಲಕ್ಕಿಂತ ಮುಖ್ಯವಾದ ವೆಚ್ಚವೊಂದಿದೆ;ಅದು ಹಣದ್ದಲ್ಲ. ದಿನಕ್ಕೆ ಒಂದು ಗಂಟೆಯ ಹೊತ್ತು, ದೂರದರ್ಶನವನ್ನೂ ಕೈಫೋನನ್ನೂ ಆರಿಸಿ, ತಂದೆಯೋ ತಾಯಿಯೋ ಮಕ್ಕಳ ಬಳಿಯಲ್ಲಿ ಕುಳಿತುಕೊಳ್ಳತಕ್ಕದ್ದು. ತಾವು ಹೆಚ್ಚು ಓದಿಲ್ಲವೆಂದು ತಾಯಂದಿರು ಹಿಂಜರಿಯಬೇಕಾದುದಿಲ್ಲ. "ಈ ದಿನ ಏನು ಕಲಿತೆ, ನನಗೆ ಹೇಳಿಕೊಡು" ಎಂದು ಕೇಳಿದರೆ ಸಾಕು. ಹೇಳಿಕೊಡಬಲ್ಲ ಮಗುವಿಗೆ ಪಾಠ ಬಂದಿದೆ, ಹೇಳಿಕೊಡಲಾರದ ಮಗುವಿಗೆ ಬಂದಿಲ್ಲ. ಅಂಗಡಿಯ ಚೀಟಿಯನ್ನು ಕೂಡಿಸಲಿ, ಪತ್ರಿಕೆಯ ಒಂದು ಸಮಾಚಾರವನ್ನು ಅಜ್ಜಿಗೆ ಓದಿ ಹೇಳಲಿ, ಹತ್ತು ಇಂಗ್ಲಿಷ್ ಮಾತುಗಳನ್ನು ವಾಕ್ಯದಲ್ಲಿ ಬಳಸಲಿ. ಶುಲ್ಕದ ಶಾಲೆಗೆ ಹೋಗುವ ಮಕ್ಕಳ ಮನೆಯಲ್ಲಿಯೂ ಈ ಒಂದು ಗಂಟೆ ಬೇಕು. ಅದನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಶುಲ್ಕವನ್ನು ಕಟ್ಟುವವರು ಎಷ್ಟು ಕಟ್ಟಿದರೂ ಸಾಲದು.

ಕಡೆಯದಾಗಿ ಇನ್ನೊಂದು ಮಾತು. ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರಿಲ್ಲದಿದ್ದರೆ ಕೇಳುವವರಾರು? ಕೇಳಬಲ್ಲ ಗೃಹಸ್ಥರು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರೆ, ಬಾಯಿಲ್ಲದವರ ಮಕ್ಕಳು ಮಾತ್ರ ಅಲ್ಲಿ ಉಳಿಯುವರು. ಮಕ್ಕಳು ಕಡಿಮೆಯಾದರೆಂದು ಉಪಾಧ್ಯಾಯರನ್ನು ಬೇರೆಡೆಗೆ ಹಾಕುವರು. ಉಪಾಧ್ಯಾಯರು ಕಡಿಮೆಯಾದರೆಂದು ಇನ್ನಷ್ಟು ಮಕ್ಕಳು ಬಿಡುವರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬುದು ನಮ್ಮ ರಾಜ್ಯದಲ್ಲಿ ೨೦೦೧ರಿಂದ ಇದೆ. ಅದರಲ್ಲಿ ತಂದೆತಾಯಿಗಳೇ ಹೆಚ್ಚಿನವರು. ಅಲ್ಲಿ ಕುಳಿತು, ಖಾಲಿಯಿರುವ ಸ್ಥಾನವೆಷ್ಟು, ನೀರೇಕೆ ಬರುತ್ತಿಲ್ಲ, ಮೂರನೆಯ ತರಗತಿಯ ಎಷ್ಟು ಮಕ್ಕಳು ತಡೆಯಿಲ್ಲದೆ ಓದಬಲ್ಲರು ಎಂದು ತಿಂಗಳಿಗೊಮ್ಮೆ ಕೇಳುವ ಐದು ಮಂದಿ ಗೃಹಸ್ಥರಿದ್ದರೆ ಆ ಶಾಲೆಯ ಗತಿಯೇ ಬೇರೆ. ಖಾಸಗಿ ಶಾಲೆಯ ಉಪಾಧ್ಯಾಯರು ಹೊತ್ತಿಗೆ ಸರಿಯಾಗಿ ಬರುವುದು ಬಹುಮಟ್ಟಿಗೆ ಶುಲ್ಕ ಕೊಟ್ಟವರು ಕೇಳುವರೆಂಬ ಭಯದಿಂದಲೇ. ಸರ್ಕಾರಿ ಶಾಲೆಯ ಶುಲ್ಕವನ್ನೂ ನಾವು ತೆರಿಗೆಯ ರೂಪದಲ್ಲಿ ಉಪ್ಪಿನಕಾಯಿಯಿಂದ ಹಿಡಿದು ಬಟ್ಟೆಯವರೆಗೆ ಕೊಳ್ಳುವಾಗಲೆಲ್ಲ ಕೊಟ್ಟೇ ಇದ್ದೇವೆ. ಕೇಳುವುದನ್ನು ಮಾತ್ರ ಮರೆತಿದ್ದೇವೆ. ಬರುವ ಜೂನ್ ತಿಂಗಳಿಗೆ ಮಕ್ಕಳನ್ನು ಸೇರಿಸಹೊರಟಿರುವ ಗೃಹಸ್ಥರು, ಖಾಸಗಿ ಶಾಲೆಯ ಕಚೇರಿಗೆ ಹೋಗುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ತಮ್ಮ ಬೀದಿಯ ಶಾಲೆಯೊಳಕ್ಕೆ ಕಾಲಿಟ್ಟು ನೋಡಲಿ ಎಂಬುದು ನಮ್ಮ ವಿಜ್ಞಾಪನೆ. ಅಲಮತಿವಿಸ್ತರೇಣ.